ಸೈರನ್ ಹಾಕದ ಶನಿವಾರ

ನಮ್ಮ ಲಡನ್ ಮಿಲ್ಸ್ ಊರಿನ ಬೆಂಕಿದಳದ ಶೆಡ್ ಮುಂದೆ, ಅಕ್ಷರಗಳನ್ನು ಒಂದೊಂದಾಗಿ ಸಿಕ್ಕಿಸುವಂಥ ಒಂದು ಬೋರ್ಡು ಇದೆ. ಆ ಚಳಿಗಾಲ ಪೂರ್ತಿ ಅದರ ಮೇಲಿದ್ದ ಬರಹ ಇದು: "ನಿಮ್ಮ ಮನೆ ಚಿಮಣಿ ಗುಡಿಸಿದಿರಾ? ಚೀಫ್ ಗುಡಿಸಿದ್ದಾರೆ."

ಚೀಫ್ ಗುಡಿಸಿರಲಿಲ್ಲ.

ಚೀಫ್ ಅಂದರೆ ಎಲ್ಬ್ರಿಜ್ ಪಾಟಲ್. ಹಗಲು ಹೊತ್ತು ಮರ ಕೊಯ್ಯುವ ಗರಗಸ, ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವವನು. ಯಾರದಾದರೂ ಮನೆ ಹೊತ್ತಿಕೊಂಡರೆ, ಯಾರಿಗಾದರೂ ಎದೆ ಹಿಡಿದುಕೊಂಡರೆ ಸಾಕ್ಷಾತ್ ಸೇನಾಪತಿ. ಸಂಬಳ ಇಲ್ಲ, ದಳದಲ್ಲಿ ಯಾರಿಗೂ ಇಲ್ಲ. ಸಂಬಳ ಇಲ್ಲದ ಕೆಲಸಕ್ಕೆ ಮನುಷ್ಯ ಮರ್ಯಾದೆಯನ್ನಾದರೂ ಕೇಳುತ್ತಾನಲ್ಲ, ಅದನ್ನು ಎಲ್ಬ್ರಿಜ್ ಬಡ್ಡಿ ಸಮೇತ ವಸೂಲು ಮಾಡುತ್ತಿದ್ದ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದು ಒಟ್ಟಿಗೆ ಬೈಸಿಕೊಂಡವರು. ಆದರೂ ದಳದ ಜಾಕೆಟ್ ತೊಟ್ಟ ಮೇಲೆ 'ಚೀಫ್' ಎನ್ನದಿದ್ದರೆ ತಿರುಗಿ ಕೂಡ ನೋಡುತ್ತಿರಲಿಲ್ಲ. ನನ್ನ ಹೆಸರು ಡೆಲ್. ವಾರದ ದಿನ ಶಾಲೆ ಬಸ್ಸು ಓಡಿಸುತ್ತೇನೆ, ಕರೆ ಬಂದಾಗ ಆಂಬುಲೆನ್ಸ್.

ಅಮೆರಿಕದ ಮೇನ್ ರಾಜ್ಯದ ನಮ್ಮ ಕಡೆ ಅರ್ಧ ವರ್ಷ ಸೌದೆ ಒಲೆ ಉರಿಯುತ್ತದೆ. ಉರಿದ ಹಾಗೆಲ್ಲ ಚಿಮಣಿಯ ಒಳಗೋಡೆಗೆ ಡಾಂಬರಿನಂಥ ಮಸಿ ಕಟ್ಟುತ್ತದೆ. ಗುಡಿಸದೆ ಬಿಟ್ಟರೆ ಒಂದು ದಿನ ಆ ಮಸಿಯೇ ಹೊತ್ತಿಕೊಳ್ಳುತ್ತದೆ. ಇದನ್ನು ಎಲ್ಬ್ರಿಜ್ ಪ್ರತಿ ವರ್ಷ ಮನೆಮನೆಗೆ ಹೋಗಿ, ಒಲೆಯೊಳಗೆ ಕನ್ನಡಿ ಹಿಡಿದು, "ನೋಡಮ್ಮ, ನಿನ್ನ ಗಂಡ ನಿನ್ನ ಜೀವ ವಿಮೆ ಮಾಡ್ಸಿದಾನಾ? ಇಲ್ಲಿರೋ ಮಸಿ ನೋಡಿದ್ರೆ ಮಾಡ್ಸಿರಬೇಕು" ಎಂದು ಹೆದರಿಸಿ ಬರುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆದರೆ ತನ್ನ ಚಿಮಣಿ ಗುಡಿಸದಿರಲು ಅವನಿಗೆ ಘನವಾದ ಕಾರಣವೊಂದಿತ್ತು. ಏಣಿ. ಅವನ ಉದ್ದನೆಯ ಏಣಿಯನ್ನು ಎದುರು ಮನೆಯ ಥರ್ಲೋ ಹ್ಯಾಸ್ಕಲ್ ಒಂಬತ್ತು ವರ್ಷದ ಹಿಂದೆ ಎರವಲು ಒಯ್ದಿದ್ದ. ಕೇಳಿದರೆ ತಾನು ಚಿಕ್ಕವನಾಗುತ್ತೇನೆಂದು ಎಲ್ಬ್ರಿಜ್ ಕೇಳಲಿಲ್ಲ. ಕೇಳದೆ ಕೊಟ್ಟರೆ ತಾನು ಚಿಕ್ಕವನಾಗುತ್ತೇನೆಂದು ಥರ್ಲೋ ಕೊಡಲಿಲ್ಲ. ಹೊಸದು ಕೊಂಡರಂತೂ ಸೋತ ಹಾಗೇ. ಹೀಗೆ ಏಣಿ ರಸ್ತೆಯ ಆಚೆ, ಚಿಮಣಿ ರಸ್ತೆಯ ಈಚೆ. ನಡುವೆ ಇಬ್ಬರು ದೊಡ್ಡ ಮನುಷ್ಯರು.

ಥರ್ಲೋ ಈಗ ಊರ ಆಡಳಿತ ಮಂಡಳಿಯ ಮುಖ್ಯಸ್ಥ ಬೇರೆ. ಮಾರ್ಚ್ ತಿಂಗಳ ಊರ ಸಭೆಗೆ ಅವನೊಂದು ಗೊತ್ತುವಳಿ ತಂದಿದ್ದ: ನಮ್ಮ ಆಂಬುಲೆನ್ಸ್ ಮುಚ್ಚಿ, ಪಟ್ಟಣದ ಬಾಡಿಗೆ ಆಂಬುಲೆನ್ಸಿನವರನ್ನು ಗೊತ್ತು ಮಾಡಿಕೊಳ್ಳುವುದು. "ದಳದಲ್ಲಿ ಉಳಿದಿರೋದೇ ಬೆರಳೆಣಿಕೆ ಮುದುಕರು. ರೋಗಿನ ಸ್ಟ್ರೆಚರ್ ಮೇಲೆ ಎತ್ತೋಕೆ ಹೋಗಿ ಇವರೇ ಪಕ್ಕದಲ್ಲಿ ಮಲಗ್ತಾರೆ" ಎಂಬುದು ಅವನ ವಾದ. ಪಟ್ಟಣದ ಗಾಡಿ ನಮ್ಮೂರಿಗೆ ಬರಲು ಮುಕ್ಕಾಲು ಗಂಟೆ ಬೇಕು. ನಿಂತ ಹೃದಯ ಮುಕ್ಕಾಲು ಗಂಟೆ ಕಾಯುವುದಿಲ್ಲ. ಆ ಆಂಬುಲೆನ್ಸನ್ನು ಎಲ್ಬ್ರಿಜ್ ಚಂದಾ ಎತ್ತಲು ಬೀನ್ಸ್ ಊಟ ಹಾಕಿಸಿ, ಕೋಳಿ ಸುಟ್ಟು ಮಾರಿ, ಇಪ್ಪತ್ತು ವರ್ಷ ದುಡ್ಡು ಕೂಡಿಸಿ ಕೊಂಡಿದ್ದ. ಅದು ಹೋದರೆ ಅವನಿಗೆ ಕೈ ಮುರಿದ ಹಾಗೆ. ಸೋಮವಾರ ಸಭೆ, ಕೈ ಎತ್ತಿ ಮತ ಹಾಕುವುದು.

ಅದಕ್ಕೆ ಮುಂಚಿನ ಶನಿವಾರ ನನಗೆ ಫೋನ್ ಬಂತು.

"ಡೆಲ್, ನಿನ್ನ ಅಡುಗೆಮನೆ ಸ್ಕ್ಯಾನರ್ ಆಫ್ ಮಾಡು."

ಸ್ಕ್ಯಾನರ್ ಎಂದರೆ ದಳದ ರೇಡಿಯೋ ಮಾತನ್ನೆಲ್ಲ ಹಿಡಿದು ಕೇಳಿಸುವ ಡಬ್ಬಿ. ಊರಿನ ಒಂದೊಂದು ಅಡುಗೆಮನೆಯಲ್ಲೂ ಉಪ್ಪಿನ ಡಬ್ಬಿಯ ಪಕ್ಕ ಇದೊಂದು ಇರುತ್ತದೆ. ಯಾರ ಮನೆ ಹೊತ್ತಿತು, ಯಾರ ಸೊಂಟ ಮುರಿಯಿತು ಎನ್ನುವುದು ನಮಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ.

"ಸ್ಕ್ಯಾನರಿಗೆ ಫೋನಲ್ಲಿ ಆಡೋದು ಕೇಳ್ಸಲ್ಲ ಚೀಫ್."

"ಗೊತ್ತು. ಆದ್ರೂ ಆಫ್ ಮಾಡು."

"ಅದೇನದು ಹಿಂದೆ ಸದ್ದು? ರೈಲು ಹೋದಂಗೆ?"

"ರೈಲೇ."

"ನಮ್ಮೂರಲ್ಲಿ ರೈಲು ಎಲ್ಲಿದೆಯೋ?"

ರೈಲಿನ ಸದ್ದು ಇನ್ನೂ ಜೋರಾಯಿತು. ಆಮೇಲೆ ಸಣ್ಣ ದನಿಯಲ್ಲಿ, "ಚಿಮಣಿ ಕಣೋ" ಎಂದ.

"ಯಾರದು?"

"ನಮ್ಮ ಪೈಕಿಯವರದೇ."

"ಎಲ್ಬ್ರಿಜ್! ತುರ್ತು ನಂಬರಿಗೆ ಫೋನ್ ಮಾಡೋ!"

"ಮಾಡಿದ್ರೆ ರೇಡಿಯೋದಲ್ಲಿ ನನ್ನ ಮನೆ ವಿಳಾಸ ಓದ್ತಾರೆ. ಓದಿದ್ರೆ ಥರ್ಲೋ ಕೇಳ್ತಾನೆ. ಕೇಳಿದ್ರೆ ಸೋಮವಾರ ಎದ್ದು ನಿಂತ್ಕೊಂಡು ಏನಂತಾನೆ? ಸ್ವಂತ ಚಿಮಣಿ ನೋಡ್ಕೊಳಕ್ಕಾಗದೋನ ಕೈಗೆ ಊರ ಜೀವ ಕೊಡ್ತೀರಾ ಅಂತಾನೆ. ಆಂಬುಲೆನ್ಸ್ ಹೋಯ್ತು ಅಂತ್ಲೇ ಲೆಕ್ಕ. ಕೇಳಿಲ್ಲಿ. ಬೆಂಕಿ ಆರಿಸೋ ಇಂಜಿನ್ ತಂದ್ರೆ ಬೆಂಕಿ ಅಂತ ಎಲ್ಲರಿಗೂ ಗೊತ್ತಾಗತ್ತೆ. ಅದಕ್ಕೆ ಆಂಬುಲೆನ್ಸ್ ತಗೊಂಬಾ. ಬೆಂಕಿ ಆರಿಸೋ ಪುಡಿ ಚೀಲ, ಸರಪಳಿ ಅದರಲ್ಲೇ ಹಾಕ್ಕೋ. ಲೊರೇನ್‌ನ ಕರ್ಕೋ. ಸೈರನ್ ಬೇಡ, ದೀಪ ಬೇಡ. ಥರ್ಲೋ ಈಗ ಮನೇಲಿಲ್ಲ, ಅವನು ಬರೋದ್ರೊಳಗೆ ಮುಗಿಸ್ಬೇಕು. ಮೆಲ್ಲಗೆ ಬಾ. ಆದ್ರೆ ಬೇಗ ಬಾ."

ಲೊರೇನ್ ನಮ್ಮ ದಳದ ವೈದ್ಯಕೀಯ ತರಬೇತಿ ಪಡೆದ ಹೆಂಗಸು. ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಬ್ರೆಡ್ ಓವನ್ನಿಗೆ ಇಟ್ಟು ಹತ್ತು ನಿಮಿಷ ಆಗಿತ್ತಂತೆ. ಅದನ್ನು ಬಿಟ್ಟು ಬರಬೇಕಾದ ಸಂಕಟಕ್ಕೆ ಮುಖ ಗಂಟು ಹಾಕಿಕೊಂಡು ನನ್ನ ಪಕ್ಕ ಕೂತಳು. ಹಿಮ ಕರಗಿ ರಸ್ತೆ ಉಬ್ಬುತಗ್ಗಾಗಿತ್ತು. ನಾನು ಓಪಲ್‌ಳ ಅಂಗಡಿ ಮುಂದೆ ಎತ್ತಿನ ಗಾಡಿಯ ವೇಗದಲ್ಲಿ ಹೋದೆ. ಅಂಗಡಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಎದ್ದು ನಿಂತರು. ಗಾಡಿ ಎಲ್ಬ್ರಿಜ್‌ನ ರಸ್ತೆಗೆ ತಿರುಗಿದ್ದನ್ನು ನೋಡಿ ಒಬ್ಬ ಟೋಪಿ ತೆಗೆದ. ಇದೇನು ಇವತ್ತು ಇಷ್ಟು ಮರ್ಯಾದೆ ಎಂದುಕೊಂಡು ನಾನೂ ಗಂಭೀರವಾಗಿ ಕೈ ಎತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಂಬುಲೆನ್ಸ್ ಬೊಬ್ಬೆ ಹೊಡೆದುಕೊಂಡು ಓಡಿದರೆ ಜನ ಸಮಾಧಾನ ಪಡುತ್ತಾರೆ, ಇನ್ನೂ ಜೀವ ಇದೆ ಎಂದು. ಸದ್ದಿಲ್ಲದೆ, ದೀಪವಿಲ್ಲದೆ, ನಿಧಾನಕ್ಕೆ ಹೋದರೆ ಇನ್ನು ಅವಸರ ಮಾಡಿ ಪ್ರಯೋಜನವಿಲ್ಲ ಎಂದರ್ಥ. ಅದರ ಮೇಲೆ, ದಳದವರ ಮನೆಯಲ್ಲೇ ಸಾವಾದರೆ ರೇಡಿಯೋದಲ್ಲಿ ಹೆಸರು ಹೇಳದೆ ಫೋನಿನಲ್ಲೇ ಕರೆಯುವುದು ಪದ್ಧತಿ. ಅವತ್ತು ಸ್ಕ್ಯಾನರಿನಲ್ಲಿ ಒಂದು ಸೊಲ್ಲೂ ಬಂದಿರಲಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಾಡಿ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಒಳಗೆ ಕೂತು ಸ್ಟೀರಿಂಗ್ ಹಿಡಿದವನಿಗೆ ಹೊಳೆಯುವುದಿಲ್ಲ.

ಮನೆ ಮುಟ್ಟಿದಾಗ ಚಿಮಣಿ ಬಾಯಿಂದ ಕಿಡಿ ಹಾರುತ್ತಿತ್ತು. ಏಣಿ ಇಲ್ಲ. ಆಂಬುಲೆನ್ಸನ್ನು ಜಗಲಿಗೆ ಒತ್ತಿ ನಿಲ್ಲಿಸಿ, ಅದರ ನೆತ್ತಿ ಹತ್ತಿ, ಅಲ್ಲಿಂದ ಜಗಲಿಯ ಮಾಡು, ಅಲ್ಲಿಂದ ಮನೆಯ ಮಾಡು ಏರಿದೆವು, ನಾನೂ ಎಲ್ಬ್ರಿಜೂ. ನಾನು ಮೇಲಿಂದ ಪುಡಿ ಚೀಲ ಒಂದೊಂದೇ ಚಿಮಣಿಯೊಳಗೆ ಬಿಟ್ಟೆ, ಲೊರೇನ್ ಒಲೆಯ ಗಾಳಿ ಕಿಂಡಿಗಳನ್ನೆಲ್ಲ ಮುಚ್ಚಿದಳು. ರೈಲು ನಿಂತಿತು. ಎಲ್ಬ್ರಿಜ್ ಅಷ್ಟಕ್ಕೆ ಸುಮ್ಮನಿರಬಾರದೆ? "ಗುಡಿಸೋದೂ ಈಗ್ಲೇ ಮುಗಿಸಿಬಿಡೋಣ" ಎಂದು ಮಸಿ ಕೆರೆಯುವ ಸರಪಳಿ ಇಳಿಬಿಟ್ಟು ಬಗ್ಗಿ ನೋಡಿದ. ವರ್ಷಗಳ ಮಸಿ ಒಂದೇ ಉಸಿರಿಗೆ ಮೇಲೆ ಬಂತು. ಎಲ್ಬ್ರಿಜ್ ಇದ್ದ ಜಾಗದಲ್ಲಿ ಕರ್ರಗಿನ ಆಕಾರವೊಂದು ನಿಂತಿತ್ತು. ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು.

ಅವನನ್ನು ಇಳಿಸಿಕೊಂಡು ಅಡುಗೆಮನೆಗೆ ತಂದೆವು. ಹೆಂಡತಿ ವರ್ನಾ ಹೊಗೆಗೆ ಕಣ್ಣು ಕೆಂಡದ ಹಾಗೆ ಮಾಡಿಕೊಂಡು, ಮೂಗು ಒರೆಸುತ್ತ ನಿಂತಿದ್ದಳು. ಶನಿವಾರದ ಬೀನ್ಸ್ ಮಡಕೆ ಒಲೆಯಲ್ಲೇ ಸತ್ತಿತ್ತು.

"ನಲವತ್ತು ವರ್ಷದಲ್ಲಿ ಒಂದು ಶನಿವಾರ ತಪ್ಪಿರ್ಲಿಲ್ಲ ನನ್ನ ಬೀನ್ಸು" ಎಂದು ಅವಳು ಬಿಕ್ಕುವ ಹೊತ್ತಿಗೇ ಬಾಗಿಲು ತಟ್ಟಿತು. ಎಲ್ಬ್ರಿಜ್ ಪಕ್ಕದ ಉಗ್ರಾಣಕ್ಕೆ ಹಾರಿದ. ಬಾಗಿಲ ಸಂದಿಯಿಂದ, "ಬೆಂಕಿ ವಿಷ್ಯ ಬಾಯಿಬಿಟ್ರೆ ನೋಡು!" ಎಂದ.

ಬಂದವಳು ಅಂಗಡಿಯ ಓಪಲ್. ಕೈಯಲ್ಲಿ ಮ್ಯಾಕರೋನಿ ಬೇಯಿಸಿದ ಗಾಜಿನ ಪಾತ್ರೆ, ತಳಕ್ಕೆ ಅವಳ ಹೆಸರು ಬರೆದ ಅಂಟುಪಟ್ಟಿ. ವರ್ನಾಳ ಕಣ್ಣು ನೋಡಿದಳು. ನನ್ನ ಮಸಿ ಹಿಡಿದ ಮುಖ ನೋಡಿದಳು. ಲೊರೇನ್‌ಳ ಗಂಟು ಮುಖ ನೋಡಿದಳು. ಏನೂ ಕೇಳಲಿಲ್ಲ. ವರ್ನಾಳ ಭುಜ ಹಿಡಿದು, "ಈ ವರ್ಷ ಹಿಮ ಬೇಗ ಕರಗ್ತಿದೆ ಕಣೆ" ಎಂದಳು.

"ಹೂಂ" ಎಂದಳು ವರ್ನಾ.

ಸಾವಿನ ಮನೆಯಲ್ಲಿ ಸಾವಿನ ಮಾತೆತ್ತುವವರು ನಮ್ಮಲ್ಲಿಲ್ಲ. ಪಾತ್ರೆ ಕೊಡಬೇಕು, ಭುಜ ಮುಟ್ಟಬೇಕು, ಹವೆಯ ಬಗ್ಗೆ ಒಂದು ಮಾತಾಡಬೇಕು, ಅಷ್ಟೆ. ಇಷ್ಟು ನಾಜೂಕಿನ ಜನ ಇಲ್ಲದಿದ್ದರೆ ಆ ಗೊಂದಲ ಬಾಗಿಲಲ್ಲೇ ಮುಗಿಯುತ್ತಿತ್ತು.

ಓಪಲ್ ಹೋದಳು, ಇನ್ನೊಬ್ಬಳು ಬಂದಳು. ಆಲೂಗಡ್ಡೆ ಪಾತ್ರೆ. "ಈ ಸಲ ಕೆಸರು ಜಾಸ್ತಿ." ಅವಳ ಹಿಂದೆ ಮತ್ತೊಬ್ಬಳು, ಮೀನಿನ ಸಾರು. "ಗಾಳಿ ಬದಲಾಗಿದೆ." ನೋಡನೋಡುತ್ತ ಮೇಜು ತುಂಬಿ, ಕಿಟಕಿ ಕಟ್ಟೆ ತುಂಬಿ, ಹೊಲಿಗೆ ಯಂತ್ರದ ಮೇಲೂ ಒಂದು ಸೇಬಿನ ಕಡುಬು ಕೂತಿತು. ನಾನು ನಡುನಡುವೆ ಉಗ್ರಾಣಕ್ಕೆ ಪಾತ್ರೆ ದಾಟಿಸುತ್ತಿದ್ದೆ. ಎಲ್ಬ್ರಿಜ್ ಆಲೂಗಡ್ಡೆ ಡಬ್ಬದ ಮೇಲೆ ಕೂತು ತಿನ್ನುತ್ತಿದ್ದ.

"ಎಲ್ಲರಿಗೂ ಗೊತ್ತಾಗೋಗಿದೆ ಕಣೋ" ಎಂದ, ಬಾಯಿ ತುಂಬ ಮ್ಯಾಕರೋನಿ. "ಆದ್ರೂ ಒಬ್ರೂ ಆಡಿಕೊಂಡಿಲ್ಲ ನೋಡು. ಒಂದು ಚಿಮಣಿಗೆ ಇಷ್ಟು ಪಾತ್ರೆ ಬಂದ್ರೆ, ಮನೆ ಪೂರ್ತಿ ಸುಟ್ಟಿದ್ರೆ ಎಷ್ಟು ಬರ್ತಿತ್ತು?"

ಅಷ್ಟರಲ್ಲಿ ಪಾದ್ರಿ ಬಂದರು. ಹವೆಯ ಮಾತಾಡಿದರು. ಆಮೇಲೆ ನನ್ನನ್ನು ಮೂಲೆಗೆ ಕರೆದು ಪಿಸುದನಿಯಲ್ಲಿ, "ವರ್ನಾನ ಈಗ ಕೇಳೋದು ಸರಿಯಲ್ಲ. ನಿನಗೆ ಗೊತ್ತಿರತ್ತೆ. ಎಲ್ಬ್ರಿಜ್‌ಗೆ ಯಾವ ಪ್ರಾರ್ಥನಾ ಗೀತೆ ಇಷ್ಟ ಇತ್ತಪ್ಪ?" ಎಂದರು.

'ಇತ್ತಪ್ಪ' ಎಂದ ಮೇಲೆ ನನ್ನ ತಲೆಯಲ್ಲಿ ದೀಪ ಹತ್ತಿತು. ಟೋಪಿ ತೆಗೆದವನು, ಕೈ ಎತ್ತಿದ ನಾನು, ಸದ್ದಿಲ್ಲದ ಗಾಡಿ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. "ಯೋಚಿಸಿ ಹೇಳ್ತೀನಿ" ಎಂದು ಪಾದ್ರಿಗಳನ್ನು ಸಾಗಹಾಕಿ ಉಗ್ರಾಣಕ್ಕೆ ನುಗ್ಗಿದೆ.

"ಚೀಫ್, ನೀನು ಸತ್ತಿದೀಯ."

ಎಲ್ಬ್ರಿಜ್ ಚಮಚ ಕೆಳಗಿಟ್ಟ. ನಾನು ವಿವರಿಸಿದೆ. ಅವನು ತಿಂದ ಪಾತ್ರೆಗಳನ್ನು ಒಮ್ಮೆ ನೋಡಿದ, ಶ್ರಾದ್ಧದ ಊಟ ತಾನೇ ಉಂಡವನ ಹಾಗೆ. ಈಗ ಹೊರಗೆ ಬಂದು ಬದುಕಿದ್ದೇನೆ ಎನ್ನುತ್ತಾನೆ, ಎಲ್ಲರೂ ನಗುತ್ತಾರೆ, ಮುಗಿಯುತ್ತದೆ ಎಂದುಕೊಂಡೆ. ಎಲ್ಬ್ರಿಜ್‌ನ ತಲೆ ಹಾಗೆ ಓಡುವಂಥದಲ್ಲ.

"ಡೆಲ್" ಎಂದ ಮೆಲ್ಲಗೆ. "ನಾನು ಸತ್ತ ಎರಡೇ ದಿನಕ್ಕೆ ನನ್ನ ಆಂಬುಲೆನ್ಸ್ ಮುಚ್ಚಕ್ಕೆ ಯಾರಾದ್ರೂ ಕೈ ಎತ್ತತಾರಾ?"

"ಏನಂದೆ?"

"ಸೋಮವಾರ ಸಂಜೆವರೆಗೆ ಸತ್ತಿರ್ತೀನಿ. ಮತ ಬೀಳ್ಲಿ. ಆಮೇಲೆ ಏಳ್ತೀನಿ."

ವರ್ನಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನಾಳೆ ಭಾನುವಾರ. ಕಪ್ಪು ಬಟ್ಟೆ ಹಾಕ್ಕೊಂಡು ಚರ್ಚಿಗೆ ಹೋಗಿ ಅಳ್ಲಾ ನಾನು?"

"ಈಗ ಚೆನ್ನಾಗೇ ಅಳ್ತಿದೀಯಲ್ಲ."

"ಇದು ಬೀನ್ಸಿಗೆ ಅಳ್ತಿರೋದು! ನಿನಗೋಸ್ಕರ ನನಗೆ ಇಷ್ಟು ಅಳು ಬರತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀಯ?"

ಲೊರೇನ್ ಮಧ್ಯೆ ಬಾಯಿ ಹಾಕಿದಳು. "ಚೀಫ್, ಹೆಣ ಯಾವಾಗ ಎತ್ತೋದು ಅಂತ ಕೇಳಿದ್ರೆ ನಾನು ಏನು ಹೇಳ್ಲಿ? ಸೋಮವಾರದವರೆಗೆ ಕೆಡಲ್ಲ ಅನ್ಲಾ?"

ನಾವು ಹೀಗೆ ಉಗ್ರಾಣದ ಬಾಗಿಲು ಮುಚ್ಚಿಕೊಂಡು ಹೆಣದ ಜೊತೆ ಪಿಸುದನಿಯಲ್ಲಿ ವಾದ ಮಾಡುತ್ತಿದ್ದಾಗ ಓಪಲ್ ಹಿಂಬಾಗಿಲಿನಿಂದ ಮತ್ತೆ ಅಡುಗೆಮನೆಗೆ ಬಂದಿದ್ದಳು. ದುಃಖದ ಮನೆಯಲ್ಲಿ ಕೈಲಾದ ಕೆಲಸ ಮಾಡಿಕೊಡೋಣ ಎಂದು. ನಾವು ಹೊರಬಂದು ಉಗ್ರಾಣದ ಬಾಗಿಲು ಎಳೆದುಕೊಂಡಾಗ ಅವಳು ಕೈ ಒರೆಸಿಕೊಳ್ಳುತ್ತ ಎದ್ದಳು. ಏನು ಮಾಡುತ್ತಿದ್ದಳೆಂದು ಕೇಳಬೇಕಿತ್ತು. ಆದರೆ ಮುಂಬಾಗಿಲು ತಟ್ಟಿತು. ಹೋಗಿ ತೆರೆದರೆ ಥರ್ಲೋ ಹ್ಯಾಸ್ಕಲ್.

ಭುಜದ ಮೇಲೆ ಏಣಿ.

ಹೆಂಡತಿ ತೀರಿಹೋದ ಮೇಲೆ ಥರ್ಲೋ ಒಬ್ಬನೇ ಇರುವವನು. ಮೊಟ್ಟೆ ಬೇಯಿಸಲೂ ಬಾರದು. ಪಾತ್ರೆ ತರಲು ಗತಿಯಿಲ್ಲದೆ ಏಣಿಯನ್ನೇ ಹೊತ್ತು ತಂದಿದ್ದ. ಅದನ್ನು ಬಾಗಿಲಿನ ಮೂಲಕ ಒಳತರಲು ಹೋಗಿ, ಒಂದು ತುದಿ ಅಡುಗೆಮನೆ ಸೇರಿದರೂ ಇನ್ನೊಂದು ತುದಿ ಜಗಲಿಯಲ್ಲೇ ಉಳಿಯಿತು. ಅದರ ನಡುವೆ ನಿಂತು ಅವನು ಹವೆಯ ಮಾತು ಶುರುಮಾಡಿದ.

"ಹಿಮ..." ಎಂದ. ಮುಂದೆ ಆಗಲಿಲ್ಲ. ಆರಡಿ ಮನುಷ್ಯ ಏಣಿಯ ಮೆಟ್ಟಿಲು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟ.

"ಒಂಬತ್ತು ವರ್ಷ ವರ್ನಾ. ದಿನಾ ಬೆಳಗ್ಗೆ ಕಿಟಕೀಲಿ ನೋಡ್ತಿದ್ದೆ, ಇವತ್ತು ಬಂದು ಕೇಳ್ತಾನೆ, ಇವತ್ತು ಬಂದು ಕೇಳ್ತಾನೆ ಅಂತ. ಕೇಳ್ಲೇ ಇಲ್ಲ, ಕತ್ತೆ ನನ್ಮಗ."

ಉಗ್ರಾಣದೊಳಗೆ ಏನೋ ಕದಲಿತು. ನಾನು ಕೆಮ್ಮಿದೆ. ಕೆಟ್ಟ ಬುದ್ಧಿ, ಆ ಹೊತ್ತಲ್ಲೂ ಕೇಳಿಯೇಬಿಟ್ಟೆ. "ಹಾಗಾದ್ರೆ ಸೋಮವಾರದ ಗೊತ್ತುವಳಿ..."

ಥರ್ಲೋ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತ. "ಅದು ಇರತ್ತೆ. ಈಗಂತೂ ಇರ್ಲೇಬೇಕು. ನಾನು ಅದನ್ನ ತಂದಿದ್ದೇ ಯಾಕೆ ಅಂದ್ಕೊಂಡೆ? ಅವನಿಗೋಸ್ಕರ. ಮಂಡಿ ಹೋಗಿದೆ, ಆದ್ರೂ ಅರ್ಧ ರಾತ್ರೀಲಿ ಐಸ್ ಮೇಲೆ ಓಡ್ತಾನೆ. ನನ್ನ ಮನೆ ಕಿಟಕಿಗೆ ಅವನ ಗಾಡಿ ದೀಪ ಬೀಳತ್ತೆ. ಅವನು ವಾಪಸ್ ಬರೋವರೆಗೂ ನನಗೆ ನಿದ್ದೆ ಇಲ್ಲ. ಗಾಡಿ ಮುಚ್ಚಿದ್ರಾದ್ರೂ ಮಲಗ್ತಾನೆ ಅಂತ ತಂದೆ. ತಡ ಆಯ್ತು. ಆ ಗಾಡೀನೇ ಅವನನ್ನ ತಿಂತು."

ಓಪಲ್ ಸಮಾಧಾನ ಹೇಳಲು ಹೋಗಿ, "ಅಳಬೇಡ ಥರ್ಲೋ. ಬಾ, ಮೈ ಕಾಯಿಸ್ಕೋ. ಒಲೆ ತಣ್ಣಗಿತ್ತು, ಈಗ ಹೊತ್ತಿಸಿದೀನಿ. ಒಣ ಸೌದೆ ತುಂಬಿಸಿದೀನಿ" ಎಂದಳು.

ವರ್ನಾ ಚೀರುವ ಮೊದಲೇ ಚಿಮಣಿಯಲ್ಲಿ ರೈಲು ಹೊರಟಿತು.

ಉಗ್ರಾಣದ ಬಾಗಿಲು ಸಿಡಿಯಿತು. ತಲೆಯಿಂದ ಕಾಲಿನವರೆಗೆ ಕಪ್ಪಗೆ, ಗಡ್ಡದಲ್ಲಿ ಮ್ಯಾಕರೋನಿ, ಕಣ್ಣು ಬೆಳ್ಳಗೆ ಬಿಟ್ಟುಕೊಂಡು ಎಲ್ಬ್ರಿಜ್ ಹೊರಬಿದ್ದ. "ಯಾವ ಪುಣ್ಯಾತ್ಮರು ಒಲೆ ಹಚ್ಚಿದ್ದು? ಕಿಂಡಿ ಮುಚ್ಚಿ!"

ಓಪಲ್ ಸೇಬಿನ ಕಡುಬಿನ ಮೇಲೆ ಕೂತಳು. ಥರ್ಲೋ ಅವನನ್ನು ನೋಡಿದ. "ಎಲ್ಬ್ರಿಜ್?" ಎಂದ, ಬಹಳ ಮೆತ್ತಗೆ. ಎದೆಯ ಮೇಲೆ ಕೈ ಇಟ್ಟುಕೊಂಡ. ಏಣಿಯ ಜೊತೆಗೇ ನೆಲಕ್ಕೆ ಉರುಳಿದ.

ಲೊರೇನ್ ಕುತ್ತಿಗೆಗೆ ಬೆರಳಿಟ್ಟು ನೋಡಿ, "ನಾಡಿ ಇಲ್ಲ!" ಎಂದಳು.

ಇಷ್ಟು ಹೊತ್ತು ನಾನು ಎಲ್ಬ್ರಿಜ್‌ನನ್ನು ನೋಡಿ ನಕ್ಕಿದ್ದೇನೆ, ಮುಂದೆಯೂ ನಗುತ್ತೇನೆ. ಆ ಗಳಿಗೆಯಲ್ಲಿ ಮಾತ್ರ ಇಲ್ಲ. ಮೇಲೆ ಅವನ ಸ್ವಂತ ಮನೆ ಹೊತ್ತುತ್ತಿತ್ತು. ಒಮ್ಮೆ ಛಾವಣಿ ನೋಡಿದ. ಆಮೇಲೆ ಅತ್ತ ಕಣ್ಣೆತ್ತದೆ ಮಂಡಿ ಊರಿ ಕೂತು, ಥರ್ಲೋನ ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತತೊಡಗಿದ. ಹೋಗಿದೆ ಎನ್ನುವ ಮಂಡಿಯ ಮೇಲೆಯೇ. ಲೊರೇನ್ ಶಾಕ್ ಕೊಡುವ ಯಂತ್ರ ತರಲು ಹೊರಗೆ ಓಡಿದಳು. ನಾನು ಒಲೆಯ ಕಿಂಡಿಗಳನ್ನು ಮುಚ್ಚಿ ತಿರುಗಿದೆ.

"ಡೆಲ್, ನಿನ್ನ ಸೊಂಟದ ರೇಡಿಯೋ ನನ್ನ ಬಾಯಿಗೆ ಹಿಡಿ" ಎಂದ.

"ನಾನೇ ಕರೀತೀನಿ. ನಿನ್ನ ಹೆಸರು ಹೇಳಲ್ಲ."

"ಹಿಡೀ ಅಂದೆ!"

ಹಿಡಿದೆ. ಲಡನ್ ಮಿಲ್ಸ್‌ನ ಅಡುಗೆಮನೆಗಳಲ್ಲಿ, ಅವನ ಹೆಸರಿನಲ್ಲಿ ಈರುಳ್ಳಿ ಹೆಚ್ಚುತ್ತ ಕಣ್ಣೀರು ಹಾಕುತ್ತಿದ್ದ ಹೆಂಗಸರೆಲ್ಲ ಕೇಳಿದ್ದು ಇದನ್ನು:

"ಹನ್ನೊಂದು, ಹನ್ನೆರಡು... ಕೇಂದ್ರಕ್ಕೆ ಚೀಫ್ ಪಾಟಲ್... ಹದಿನೈದು... ಬೆಂಕಿ. ನನ್ನ ಮನೆ. ನನ್ನ ಚಿಮಣಿ. ಗುಡಿಸಿರ್ಲಿಲ್ಲ... ಇಪ್ಪತ್ತು... ಇಂಜಿನ್ ಕಳಿಸಿ. ಇಲ್ಲೊಬ್ಬರಿಗೆ ಹೃದಯ ನಿಂತಿದೆ... ಕೈ ಕಾಲು ಇರೋರೆಲ್ಲ ಬನ್ನಿ."

ಜಿಲ್ಲೆಯ ತುರ್ತು ಕರೆ ಕೇಂದ್ರದಲ್ಲಿ ಕೂತಿದ್ದ ಹುಡುಗಿ ನಮ್ಮೂರಿನವಳೇ. ಅವಳು ನಡುಗುವ ದನಿಯಲ್ಲಿ, "ಚೀಫ್... ನೀವು ತೀರಿಕೊಂಡ್ರಿ ಅಂತ ಅಮ್ಮ ಫೋನ್ ಮಾಡಿದ್ರು" ಎಂದಳು.

"ಆಮೇಲೆ ಮಾತಾಡೋಣ ತಾಯಿ. ಮೊದ್ಲು ಇಂಜಿನ್ ಕಳಿಸು. ಇಪ್ಪತ್ತೊಂಬತ್ತು, ಮೂವತ್ತು."

ಲೊರೇನ್ ಯಂತ್ರ ಹಚ್ಚಿದಳು. "ಎಲ್ಲರೂ ಕೈ ತೆಗೀರಿ" ಎಂದಳು. ಥರ್ಲೋನ ಮೈ ಒಮ್ಮೆ ಎಗರಿತು. ಎಲ್ಬ್ರಿಜ್ ಮತ್ತೆ ಒತ್ತಿದ. ಪಕ್ಕೆಲುಬು ಲಟಕ್ ಎಂದದ್ದು ನಮಗೆಲ್ಲ ಕೇಳಿಸಿತು. ಅವನು ಅಳುತ್ತಲೇ ಎಣಿಸುತ್ತಿದ್ದ, ಕಣ್ಣೀರು ಮಸಿಯ ಮೇಲೆ ಎರಡು ಬಿಳಿ ಗೆರೆ ಎಳೆದಿತ್ತು. "ಏಳೋ ಲೋ, ಏಣಿ ಕಳ್ಳ. ಕೇಳ್ತಿದೀನಿ ಕಣೋ, ಈಗ ಕೇಳ್ತಿದೀನಿ, ಏಣಿ ಕೊಡೋ" ಎನ್ನುತ್ತಿದ್ದ.

ಥರ್ಲೋ ಕೆಮ್ಮಿದ. ಕಣ್ಣು ಅರ್ಧ ತೆರೆದ. ಮುಖದ ಮೇಲೆ ಬಾಗಿದ್ದ ಕರಿ ಆಕೃತಿಯನ್ನು ದಿಟ್ಟಿಸಿದ. "ನರಕಕ್ಕೇ ಬಂದಿದೀನಿ ಅನ್ನು" ಎಂದ.

ಆಮೇಲೆ ಬಂದರು ನೋಡಿ ಜನ. ದಳದ ಮುದುಕರು ಇಂಜಿನ್ ತಂದರು. ಅದರ ಹಿಂದೆ ಪಿಕಪ್ಪುಗಳು, ಅವುಗಳ ಹಿಂದೆ ಏಪ್ರನ್ ಬಿಚ್ಚದ ಹೆಂಗಸರು. ಪಾದ್ರಿಗಳು ಅರ್ಧ ಬರೆದ ಶವಸಂಸ್ಕಾರದ ಪ್ರವಚನವನ್ನು ಜೇಬಿನಲ್ಲಿಟ್ಟುಕೊಂಡು ನೀರಿನ ಪೈಪ್ ಎಳೆದರು. ಜಗಲಿಯಲ್ಲಿ ಸಿಕ್ಕಿಕೊಂಡಿದ್ದ ಏಣಿಯನ್ನು ಗೋಡೆಗಿಟ್ಟು ಹತ್ತಿದರು. ಅಡುಗೆಮನೆಯ ಒಂದು ಗೋಡೆ ಸುಟ್ಟಿತು, ಮನೆ ಉಳಿಯಿತು. ನಾನು ಥರ್ಲೋನನ್ನು ಹಾಕಿಕೊಂಡು ಆಸ್ಪತ್ರೆಗೆ ಹೊರಟೆ. ಸೈರನ್ ಹಾಕಿದೆ, ಇದ್ದಬದ್ದ ದೀಪವನ್ನೆಲ್ಲ ಹಾಕಿದೆ. ಓಪಲ್‌ಳ ಅಂಗಡಿ ಮುಂದೆ ಹಾರ್ನನ್ನೂ ಒತ್ತಿ ಹಿಡಿದೆ, ಇನ್ನೊಂದು ಸುತ್ತು ಪಾತ್ರೆ ಶುರುವಾಗುವುದು ಬೇಡವೆಂದು.

ಸೋಮವಾರ ಊರ ಸಭೆಯಲ್ಲಿ ಕೂರಲು ಜಾಗವಿರಲಿಲ್ಲ. ಗೊತ್ತುವಳಿಯ ಸರದಿ ಬಂದಾಗ ಎಲ್ಬ್ರಿಜ್ ಎದ್ದ. ಎಷ್ಟು ತಿಕ್ಕಿದರೂ ಕಿವಿಯ ಸಂದಿಯಲ್ಲಿ ಮಸಿ ಉಳಿದಿತ್ತು.

"ನಾನು ಚಿಮಣಿ ಗುಡಿಸಿರ್ಲಿಲ್ಲ" ಎಂದ.

"ಸ್ಕ್ಯಾನರಲ್ಲಿ ಕೇಳಿದ್ವಿ!" ಎಂದಿತು ಊರು.

"ಸುಳ್ಳು ಬೋರ್ಡು ಹಾಕಿದೆ. ಬೆಂಕಿ ಬಚ್ಚಿಟ್ಟೆ. ಥರ್ಲೋ ಹೇಳಿದ್ದು ನಿಜ, ನಮಗೆ ವಯಸ್ಸಾಗಿದೆ. ಮುಚ್ಚೋದಾದ್ರೆ ಮುಚ್ಚಿ. ಆದ್ರೆ ಅವತ್ತು ಗಾಡಿ ನಮ್ಮ ಅಂಗಳದಲ್ಲಿ ಇರದಿದ್ರೆ..." ಮುಂದೆ ಅವನಿಗೂ ಹವೆಯ ಮಾತೇ ಬಂತು. "ಈ ವರ್ಷ ಹಿಮ ಬೇಗ ಕರಗ್ತಿದೆ" ಎಂದು ಹೇಳಿ ಕೂತುಬಿಟ್ಟ.

ಓಪಲ್ ಎದ್ದಳು. "ಒಲೆ ಹಚ್ಚಿದ್ದು ನಾನು. ನನ್ನನ್ನ ದಳಕ್ಕೆ ಸೇರಿಸ್ಕೊಳ್ಳಿ. ಹಚ್ಚೋದು ಬರತ್ತೆ, ಆರಿಸೋದು ಕಲೀತೀನಿ." ಟೋಪಿ ತೆಗೆದಿದ್ದವನೂ ಸೇರಿದ. ಅವನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ, ಆದರೂ ಸೇರಿಸಿಕೊಂಡೆವು. ಗೊತ್ತುವಳಿಗೆ ಒಂದು ಕೈಯೂ ಏಳಲಿಲ್ಲ. ಹೊರಗೆ ಬರುವಾಗ ಹೆಂಗಸರು ಸಾಲಾಗಿ ನಿಂತು ಎಲ್ಬ್ರಿಜ್‌ನ ಹತ್ತಿರ ತಂತಮ್ಮ ಪಾತ್ರೆ ಕೇಳಿದರು. ಸತ್ತವರ ಮನೆಯಿಂದ ಪಾತ್ರೆ ಬೇಗ ಕೇಳುವುದಿಲ್ಲ. ಬದುಕಿದವನಿಗೆ ಆ ರಿಯಾಯಿತಿ ಇಲ್ಲ. ಶೆಡ್ಡಿನ ಬೋರ್ಡನ್ನು ಲೊರೇನ್ ಅಷ್ಟು ಹೊತ್ತಿಗಾಗಲೇ ತಿದ್ದಿದ್ದಳು: "ನಿಮ್ಮ ಮನೆ ಚಿಮಣಿ ಗುಡಿಸಿದಿರಾ? ಚೀಫ್‌ಗೂ ಸ್ವಲ್ಪ ಹೇಳಿ."

ಥರ್ಲೋ ಮನೆಗೆ ಬಂದದ್ದು ಕೆಸರೆಲ್ಲ ಒಣಗಿದ ಮೇಲೆ. ಬಂದ ಮಾರನೆಯ ಬೆಳಗ್ಗೆಯೇ ಎದೆಗೆ ದಿಂಬು ಒತ್ತಿಕೊಂಡು ರಸ್ತೆ ದಾಟಿ ಬಂದ. ನಾನು ಅಲ್ಲೇ ಇದ್ದೆ, ಸುಟ್ಟ ಗೋಡೆಗೆ ಹಲಗೆ ಬಡಿಯುತ್ತಿದ್ದೆ.

"ಏಣಿ ಕೊಡು" ಎಂದ.

ಎಲ್ಬ್ರಿಜ್ ಸುತ್ತಿಗೆ ಇಳಿಸಿದ. "ನೀನೇ ತಂದುಕೊಟ್ಟೆಯಲ್ಲೋ!"

"ಸತ್ತಿದೀಯ ಅಂತ ಕೊಟ್ಟೆ. ಬದುಕಿದೀಯ, ವಾಪಸ್ ಕೊಡು."

"ನನ್ನ ಏಣಿ ಕಣೋ ಅದು!"

"ನನ್ನ ಪಕ್ಕೆಲುಬು ಎರಡು ಮುರಿದಿದೀಯ. ಅದಕ್ಕೂ ಇದಕ್ಕೂ ಸರಿಹೋಯ್ತು."

ಎಲ್ಬ್ರಿಜ್ ಚಿಮಣಿ ಕಡೆ ನೋಡಿದ. "ಇನ್ನೂ ಪೂರ್ತಿ ಗುಡಿಸಿಲ್ಲ" ಎಂದ.

ಥರ್ಲೋ ದಿಂಬನ್ನು ಜಗಲಿಯ ಮೇಲಿಟ್ಟ. ಗೋಡೆಗೆ ಒರಗಿಸಿದ್ದ ಏಣಿಯ ಬುಡಕ್ಕೆ ಹೋಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತ.

"ನನಗೆ ಡಾಕ್ಟರು ಹತ್ಬೇಡ ಅಂದಿದಾರೆ. ನೀನು ಹತ್ತು. ಬೀಳದ ಹಾಗೆ ಹಿಡ್ಕೋತೀನಿ" ಎಂದ. "ಇಳಿದ ಮೇಲೆ ತಗೊಂಡು ಹೋಗ್ತೀನಿ. ಬೇಕಾದಾಗ ಬಂದು ಕೇಳು."